ವಿಶ್ವವಿದ್ಯಾನಿಲಯದ ಚುಕ್ಕಾಣಿ ಯಾರ ಕೈಯಲ್ಲಿ?

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಕಲಿತ ಮಕ್ಕಳಲ್ಲಿ ಅನೇಕರು ಪದವಿಗಾಗಿ ಸೇರುವುದು ಕಣ್ಣೂರು ವಿಶ್ವವಿದ್ಯಾನಿಲಯಕ್ಕೆ ಸಂಯೋಜಿತವಾದ ಕಾಲೇಜುಗಳನ್ನು. 1996ರಲ್ಲಿ ಸ್ಥಾಪನೆಗೊಂಡ ಇದರ ವ್ಯಾಪ್ತಿಗೆ ಕಾಸರಗೋಡು, ಕಣ್ಣೂರು ಜಿಲ್ಲೆಗಳೂ ವಯನಾಡಿನ ಮಾನಂದವಾಡಿ ತಾಲೂಕೂ ಸೇರಿವೆ. ಇದರ ಆಡಳಿತ ನಡೆಸುವವರು ಯಾರೆಂಬುದನ್ನು ಹೆತ್ತವರು ಅರಿತಿರಬೇಕು.

ಕೇರಳದ ರಾಜ್ಯಪಾಲರು ಕುಲಾಧಿಪತಿಗಳು. ಉನ್ನತ ಶಿಕ್ಷಣ ಸಚಿವರು ಸಹಕುಲಾಧಿಪತಿಗಳು. ನಿತ್ಯದ ಆಡಳಿತದ ಹೊಣೆ ಕುಲಪತಿಗಳದು. ಅವರನ್ನು ನೇಮಿಸುವ ಅಧಿಕಾರ ಕುಲಾಧಿಪತಿಗಳಿಗಿದೆ. ಅದನ್ನು ಅವರು ಸ್ವವಿವೇಚನೆಯಿಂದಲೇ ಚಲಾಯಿಸಬೇಕೆಂದು ಸುಪ್ರೀಂ ಕೋರ್ಟು 2023ರ ನವೆಂಬರ್ 30ರಂದು ಸ್ಪಷ್ಟಪಡಿಸಿತು. ಸರಕಾರದ ಹಸ್ತಕ್ಷೇಪವನ್ನು ಗುರುತಿಸಿ, ಇದೇ ವಿಶ್ವವಿದ್ಯಾನಿಲಯದ ಅಂದಿನ ಕುಲಪತಿಗಳ ಮರುನೇಮಕವನ್ನು ರದ್ದುಗೊಳಿಸಿತು.

ಕುಲಪತಿಗಳಿಗೆ ಹೆಗಲು ಕೊಡುವವರು ಸಹಕುಲಪತಿಗಳು. ಕಡತ, ದಾಖಲೆ, ಅಧಿಕೃತ ಪತ್ರವ್ಯವಹಾರಗಳು ರಿಜಿಸ್ಟ್ರಾರ್ ಎಂದೇ ಪರಿಚಿತರಾದ ಕುಲಸಚಿವರ ಕೈಯಲ್ಲಿವೆ. ಪ್ರಶ್ನೆಪತ್ರಿಕೆ, ಮೌಲ್ಯಮಾಪನ, ಫಲಿತಾಂಶ ಪರೀಕ್ಷಾ ನಿಯಂತ್ರಕರಿಗೆ ಸೇರಿದವು. ಲೆಕ್ಕಪತ್ರ ಹಣಕಾಸು ಅಧಿಕಾರಿಗಳದು.

ಆದರೆ ಇವರಲ್ಲಿ ಯಾರೂ ಪಠ್ಯಕ್ರಮವನ್ನು ಒಬ್ಬರೇ ನಿರ್ಧರಿಸಲಾರರು. ಆಯಾ ವಿಷಯದ ಅಧ್ಯಯನ ಮಂಡಳಿ ಅದನ್ನು ಸಿದ್ಧಪಡಿಸುತ್ತದೆ. ಅಕಾಡೆಮಿಕ್ ಕೌನ್ಸಿಲ್ ಪರಿಶೀಲಿಸುತ್ತದೆ. ಆಡಳಿತಾತ್ಮಕ ನಿರ್ಧಾರಗಳು ಸಿಂಡಿಕೇಟಿನಲ್ಲಿ ಆಗುತ್ತವೆ.

ಆದುದರಿಂದ ಕನ್ನಡ ಪಠ್ಯದ ಕುರಿತಾದ ಬೇಡಿಕೆ ಅಧ್ಯಯನ ಮಂಡಳಿಯನ್ನು ತಲಪಬೇಕು. ಅಂಕಪಟ್ಟಿಯ ತೊಡಕು ಪರೀಕ್ಷಾ ನಿಯಂತ್ರಕರನ್ನು. ವಿಳಾಸ ತಪ್ಪಿದ ಅರ್ಜಿ ಮೇಜಿನಿಂದ ಮೇಜಿಗೆ ಅಲೆಯುವಷ್ಟರಲ್ಲಿ ವಿದ್ಯಾರ್ಥಿಯ ಒಂದು ಸೆಮಿಸ್ಟರೇ ಕಳೆದುಹೋಗಬಹುದು. ಸಂಖ್ಯೆಯಲ್ಲಿ ಕಡಿಮೆಯಿರುವ ನಮಗೆ ಯಾರನ್ನು ಕೇಳಬೇಕೆಂಬ ಅರಿವೇ ಮೊದಲ ಬಲ.