ಉಸಿರಿಗೊಂದು ಊರುಗೋಲು

ಉಸಿರಾಟವು ನಮ್ಮ ಅರಿವಿಗೇ ಬಾರದೆ ಹಗಲಿರುಳು ನಡೆಯುವ ಕೆಲಸ. ಅದರ ಬೆಲೆ ತಿಳಿಯುವುದು ಅದು ಕಷ್ಟವಾದ ದಿನ. 2020ರ ಮಾರ್ಚ್ ತಿಂಗಳಲ್ಲಿ ಯೂರೋಪಿನ ಆಸ್ಪತ್ರೆಗಳಲ್ಲಿ ಸಾವಿರಾರು ಜನರಿಗೆ ಅಂಥ ದಿನ ಒಮ್ಮೆಗೇ ಬಂದೊದಗಿತು. ಕೋವಿಡ್ ವೈರಾಣು ಅವರ ಶ್ವಾಸಕೋಶವನ್ನು ಹೊಕ್ಕಿತ್ತು. ರೋಗಿಗೆ ಮಂಪರು ಬರಿಸಿ, ಗಂಟಲೊಳಗೆ ಕೊಳವೆ ಇಳಿಸಿ, ಯಂತ್ರದಿಂದ ಉಸಿರಾಡಿಸಬೇಕು. ಆದರೆ ಅಂಥ ಯಂತ್ರಗಳೂ ಸಾಲವು, ಅವನ್ನು ನಡೆಸುವ ನುರಿತ ಕೈಗಳೂ ಸಾಲವು. ಕೊಳವೆಯಿಲ್ಲದೆ ಉಸಿರಿಗೆ ಆಸರೆ ನೀಡುವ ಉಪಾಯವೇ ಇಲ್ಲವೆ?

ಉಪಾಯವಿತ್ತು, ಅದು ಹೊಸದೂ ಆಗಿರಲಿಲ್ಲ. ಅದನ್ನು ತಿಳಿಯಲು ಜಾತ್ರೆಯಲ್ಲಿ ಮಗುವಿಗೆ ಕೊಂಡ ಬಲೂನನ್ನು ನೆನೆಯಿರಿ. ಚಪ್ಪಟೆಯಾಗಿರುವಾಗ ಅದನ್ನು ಊದಲು ಕೆನ್ನೆಯೆಲ್ಲ ನೋಯುತ್ತದೆ. ತುಸು ಉಬ್ಬಿದ ಮೇಲೆ ಕೆಲಸ ಹಗುರ. ನಮ್ಮ ಶ್ವಾಸಕೋಶದಲ್ಲಿ ಇಂಥ ಸೂಕ್ಷ್ಮ ಗಾಳಿಗೂಡುಗಳು ಕೋಟ್ಯಂತರ ಇವೆ. ರೋಗದಿಂದ ಅಲ್ಲಿ ನೀರು ಸೇರಿದಾಗ ಅನೇಕ ಗೂಡುಗಳು ಉಸಿರು ಬಿಟ್ಟೊಡನೆ ಮುಚ್ಚಿಕೊಳ್ಳುತ್ತವೆ. ಪ್ರತಿ ಸಲವೂ ಅವನ್ನು ಹೊಸದಾಗಿ ತೆರೆಯಬೇಕಾಗಿ ರೋಗಿ ಸೋತುಹೋಗುತ್ತಾನೆ.

ಮೂಗು ಬಾಯಿಗಳ ಮೇಲೆ ಬಿಗಿಯಾದ ಮುಖವಾಡವಿಟ್ಟು, ಆಮ್ಲಜನಕ ಬೆರೆತ ಗಾಳಿಯನ್ನು ತುಸು ಒತ್ತಡದಿಂದ ಬಿಡದೆ ಹರಿಸಿದರೆ ಗೂಡುಗಳು ಪೂರ್ತಿ ಮುಚ್ಚಿಕೊಳ್ಳವು. ಇದಕ್ಕೆ ಸಿಪ್ಯಾಪ್ ಎಂದು ಹೆಸರು. ಒತ್ತಡವನ್ನು ಅಳೆಯುವುದು ನೀರಿನ ಎತ್ತರದ ಲೆಕ್ಕದಲ್ಲಿ. ಸಾಮಾನ್ಯವಾಗಿ 5ರಿಂದ 15 ಸೆಂಟಿಮೀಟರು. ಅಂದರೆ ಒಂದು ಲೋಟ ನೀರಿನ ಆಳದಷ್ಟು! ಉಸಿರಾಡುವವನು ರೋಗಿಯೇ; ಯಂತ್ರ ಕೇವಲ ಬಾಗಿಲನ್ನು ತೆರೆದಿಡುತ್ತದೆ. ಆತ ಎಚ್ಚರವಾಗಿದ್ದು, ಮನೆಯವರ ಮಾತು ಕೇಳಬಲ್ಲ, ಸನ್ನೆಯಿಂದ ಉತ್ತರಿಸಬಲ್ಲ.

ತಿಂಗಳು ತುಂಬದೆ ಹುಟ್ಟಿದ ಶಿಶುಗಳಿಗೆ ಈ ಒತ್ತಡದ ಚಿಕಿತ್ಸೆ ಫಲಕಾರಿಯೆಂದು ಅಮೆರಿಕದ ವೈದ್ಯ ಜಾರ್ಜ್ ಗ್ರೆಗರಿ 1971ರಲ್ಲಿ ತೋರಿಸಿದ್ದರು. ನಿದ್ರೆಯಲ್ಲಿ ಉಸಿರು ಕಟ್ಟುವವರಿಗೆ ಮೂಗಿನ ಮೂಲಕ ಇದನ್ನೇ ಕೊಡಬಹುದೆಂದು ಆಸ್ಟ್ರೇಲಿಯದ ಕಾಲಿನ್ ಸಲಿವನ್ 1981ರಲ್ಲಿ ತೋರಿಸಿದರು.

ನೂರು ಗಂಟೆಗಳ ಓಟ

2020ರ ಸಂಕಟದಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಎಂಜಿನಿಯರರೂ ವೈದ್ಯರೂ, ಪಂದ್ಯದ ಕಾರುಗಳಿಗೆ ಎಂಜಿನ್ ಮಾಡುವ ಮರ್ಸಿಡಿಸ್ ಸಂಸ್ಥೆಯ ಕುಶಲರೊಡನೆ ಕೈಜೋಡಿಸಿದರು. ಹಳೆಯ ಉಪಕರಣವೊಂದನ್ನು ಬಿಚ್ಚಿ ನೋಡಿ, ಅದರ ಮಾದರಿಯಲ್ಲಿ ಹೊಸದನ್ನು ರಚಿಸಿದರು. ಮೊದಲ ಸಭೆಯಿಂದ ಮೊದಲ ಉಪಕರಣಕ್ಕೆ ಹಿಡಿದದ್ದು 100 ಗಂಟೆಗಿಂತ ಕಡಿಮೆ! ಪಿಸ್ಟನ್ನುಗಳನ್ನು ಕೊರೆಯುತ್ತಿದ್ದ ಯಂತ್ರಗಳು ಉಸಿರಿನ ಉಪಕರಣದ ಬಿಡಿಭಾಗಗಳನ್ನು ಕೊರೆದವು. ಏಪ್ರಿಲ್ ತಿಂಗಳಲ್ಲಿ ಅದರ ನಕ್ಷೆಗಳನ್ನು ಬೇರೆ ದೇಶಗಳ ತಯಾರಕರಿಗೂ ಉಚಿತವಾಗಿ ನೀಡಿದರು.

ಅಷ್ಟರಿಂದಲೇ ಗುಣವಾಗುವುದೆಂದು ನಂಬಬಹುದೆ? ಬ್ರಿಟನ್ನಿನ ವೈದ್ಯರು 1,200ಕ್ಕೂ ಹೆಚ್ಚು ಕೋವಿಡ್ ರೋಗಿಗಳಲ್ಲಿ ಪರೀಕ್ಷಿಸಿ, 2022ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಸಾಧಾರಣ ರೀತಿಯಲ್ಲಿ ಆಮ್ಲಜನಕ ಪಡೆದವರಲ್ಲಿ ನೂರಕ್ಕೆ ಸುಮಾರು 44 ಮಂದಿ ಮೂವತ್ತು ದಿನಗಳೊಳಗೆ ಕೊಳವೆಗೆ ಒಳಗಾದರು ಅಥವಾ ಮೃತಪಟ್ಟರು. ಸಿಪ್ಯಾಪ್ ಪಡೆದವರಲ್ಲಿ ಆ ಸಂಖ್ಯೆ ಸುಮಾರು 36. ಲಾಭ ಕಂಡದ್ದು ಮುಖ್ಯವಾಗಿ ಕೊಳವೆ ತಪ್ಪಿದ್ದರಲ್ಲಿ. ಸಾವಿನ ಸಂಖ್ಯೆಯಲ್ಲಿ ಖಚಿತವಾದ ಅಂತರ ಕಾಣಲಿಲ್ಲ.

ಎಚ್ಚರದ ಮಾತು

ಆದುದರಿಂದ ಮುಖವಾಡವನ್ನು ಸಂಜೀವಿನಿಯೆಂದು ಬಗೆಯಬಾರದು. ಅದರ ಬಿಗಿತದಿಂದ ಮೂಗಿನ ಮೇಲೆ ಹುಣ್ಣಾಗಬಹುದು, ಬಾಯಿ ಒಣಗಬಹುದು, ಕೆಲವರಿಗೆ ಉಸಿರುಗಟ್ಟಿದ ಭಯವೂ ಆಗಬಹುದು. ಆ ಕಷ್ಟ ನೋಡಲಾರದೆ ಮನೆಯವರು ಕರುಣೆಯಿಂದ ಪಟ್ಟಿಯನ್ನು ಸಡಿಲಿಸುವುದುಂಟು. ಆಗ ಗಾಳಿ ಸೋರಿ ಒತ್ತಡ ಇಳಿಯುತ್ತದೆ. ತೆರೆದ ಗೂಡುಗಳು ಮತ್ತೆ ಮುಚ್ಚುತ್ತವೆ. ರೋಗಿ ಬೇಡವೆಂದಾಗ ದಾದಿಯನ್ನು ಕರೆಯುವುದು, ಕೈಹಿಡಿದು ಧೈರ್ಯ ಹೇಳುವುದು, ಇವೇ ನಿಜವಾದ ಕರುಣೆ.

ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಮುಖವಾಡವಿದ್ದೂ ಉಸಿರಿನ ವೇಗ ತಗ್ಗದೆ, ರೋಗಿ ಮಂಕಾಗುತ್ತ, ಆಯಾಸದಿಂದ ಕುಸಿಯುತ್ತಿದ್ದರೆ ಕಾಯುವುದು ತಪ್ಪು. ಆಗ ವೈದ್ಯರು ಕೊಳವೆ ಇಳಿಸಬೇಕೆಂದರೆ ಅದನ್ನು ಸೋಲೆಂದು ತಿಳಿಯಬಾರದು. ವಿಳಂಬವೇ ಜೀವಕ್ಕೆ ಮುಳುವಾದೀತು.

ಊರುಗೋಲು ನಡೆಯುವವನಿಗೆ ನೆರವಾಗುತ್ತದೆ, ಆತನನ್ನು ಹೊತ್ತೊಯ್ಯುವುದಿಲ್ಲ. ಹೊರಬೇಕಾದ ಗಳಿಗೆ ಬಂದಿತೆ ಎಂದು ಹಗಲಿರುಳು ಹಾಸಿಗೆಯ ಬಳಿ ನಿಂತು ನೋಡುವ ಕಣ್ಣುಗಳೇ ಆ ಊರುಗೋಲಿನ ನಿಜವಾದ ಬಲ.