ವೇಗ ಹೆಚ್ಚಿಸಿದರೆ ಹಿಂದೆ ಬೀಳುವ ಜಾಗ

1965ರ ಜೂನ್ 3. ಅಮೆರಿಕದ ವಾಯುಪಡೆಯ ಟೆಸ್ಟ್ ಪೈಲಟ್ ಜೇಮ್ಸ್ ಮೆಕ್‌ಡಿವಿಟ್ ಜೆಮಿನಿ-4 ನೌಕೆಯಲ್ಲಿ ಆಗಷ್ಟೇ ಕಕ್ಷೆ ಸೇರಿದ್ದರು. ಅವರನ್ನು ಮೇಲಕ್ಕೆ ಹೊತ್ತು ತಂದ ರಾಕೆಟ್ಟಿನ ಕೊನೆಯ ಹಂತ ಕಳಚಿಕೊಂಡು ಅಲ್ಲೇ ಹತ್ತಿರದಲ್ಲಿ ತೇಲುತ್ತಿತ್ತು. ಅದರ ಪಕ್ಕಕ್ಕೆ ಹೋಗಿ ಜೊತೆಜೊತೆಗೆ ಹಾರಬೇಕು, ಇಷ್ಟೇ ಕೆಲಸ. ಯುದ್ಧವಿಮಾನದಲ್ಲಿ ಮಾಡುವಂತೆಯೇ ಅವರು ನೌಕೆಯ ಮೂತಿಯನ್ನು ಗುರಿಯತ್ತ ತಿರುಗಿಸಿ ಎಂಜಿನ್ ಉರಿಸಿದರು. ಗುರಿ ಹತ್ತಿರವಾಗಲಿಲ್ಲ, ದೂರ ಸರಿಯಿತು. ಇನ್ನೊಮ್ಮೆ ಉರಿಸಿದರು, ಮತ್ತೂ ದೂರವಾಯಿತು. ಕೊನೆಗೆ ಇಂಧನ ಉಳಿದರೆ ಸಾಕೆಂದು ಆ ಪ್ರಯತ್ನವನ್ನೇ ಬಿಡಬೇಕಾಯಿತು.

ತಪ್ಪು ಪೈಲಟ್‌ನ ಕೈಯದಲ್ಲ, ಕಕ್ಷೆಯ ಲೆಕ್ಕವೇ ಬೇರೆ. ಭೂಮಿಯ ಸುತ್ತ ತಿರುಗುವ ವಸ್ತುವಿನ ವೇಗವನ್ನು ಅದರ ಎತ್ತರವೇ ನಿರ್ಧರಿಸುತ್ತದೆ. 500 ಕಿ.ಮೀ. ಎತ್ತರದಲ್ಲಿ ಸೆಕೆಂಡಿಗೆ ಸುಮಾರು 7.6 ಕಿ.ಮೀ., 36,000 ಕಿ.ಮೀ. ಎತ್ತರದಲ್ಲಿ ಸುಮಾರು 3 ಕಿ.ಮೀ. ಮಾತ್ರ. ಮುಂದಕ್ಕೆ ತಳ್ಳಿಕೊಂಡರೆ ಕಕ್ಷೆ ದೊಡ್ಡದಾಗುತ್ತದೆ, ಒಂದು ಸುತ್ತಿಗೆ ಹಿಡಿಯುವ ಸಮಯವೂ ಹೆಚ್ಚುತ್ತದೆ, ನೀವು ಹಿಂದೆ ಬೀಳುತ್ತೀರಿ. ಮುಂದಿರುವುದನ್ನು ಹಿಡಿಯಬೇಕಾದರೆ ಮೊದಲು ಬ್ರೇಕ್ ಹಾಕಿ ಕೆಳಗಿನ ಕಕ್ಷೆಗೆ ಇಳಿಯಬೇಕು. ಅಲ್ಲಿ ಸುತ್ತು ಬೇಗ ಮುಗಿಯುವುದರಿಂದ ಅಂತರ ಕಡಿಮೆಯಾಗುತ್ತದೆ. ಸರಿಯಾದ ಕ್ಷಣ ನೋಡಿಕೊಂಡು ಮತ್ತೆ ಮೇಲೇರಬೇಕು.

ಯುದ್ಧವಿಮಾನದಲ್ಲಿ ಪಳಗಿದ ಅಧಿಕಾರಿಯೊಬ್ಬರಿಗೆ ಇಂಥ ಲೋಕದ ಉಸ್ತುವಾರಿ ವಹಿಸಿದ್ದು ನಮ್ಮ ಬೆಂಗಳೂರಿನಲ್ಲೇ ನಡೆದ ಸಂಗತಿ. 2019ರಲ್ಲಿ ಕೇಂದ್ರ ಸರ್ಕಾರ ರಕ್ಷಣಾ ಬಾಹ್ಯಾಕಾಶ ಏಜೆನ್ಸಿಯನ್ನು ಕಟ್ಟಿ, ಅದರ ಕೇಂದ್ರ ಕಚೇರಿಯನ್ನು ಬೆಂಗಳೂರಿನಲ್ಲಿ ಇಟ್ಟಿತು. ಅದರ ಮೊದಲ ಮುಖ್ಯಸ್ಥರಾದವರು ಆಗಿನ ಏರ್ ವೈಸ್ ಮಾರ್ಷಲ್ ಎಸ್. ಪಿ. ಧಾರ್ಕರ್. ಡೆಹ್ರಾಡೂನಿನ ಮಿಲಿಟರಿ ಕಾಲೇಜು, ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗಳಲ್ಲಿ ಓದಿ, 1985ರ ಜೂನ್‌ನಲ್ಲಿ ಫೈಟರ್ ಪೈಲಟ್ ಆಗಿ ವಾಯುಪಡೆ ಸೇರಿದವರು. ಹಾರಾಟದ ಅನುಭವ 3,600 ಗಂಟೆಗೂ ಹೆಚ್ಚು. ಪೈಲಟ್‌ಗಳಿಗೆ ಪಾಠ ಹೇಳಿದ್ದರು, ಸ್ಕ್ವಾಡ್ರನ್ ಮುನ್ನಡೆಸಿದ್ದರು. ಬಾಹ್ಯಾಕಾಶ ಏಜೆನ್ಸಿಯ ನಂತರ ಪೂರ್ವ ವಾಯು ಕಮಾಂಡ್‌ನ ಮುಖ್ಯಸ್ಥರಾಗಿ, 2024ರ ಅಕ್ಟೋಬರ್‌ನಲ್ಲಿ ವಾಯುಪಡೆಯ ಉಪ ಮುಖ್ಯಸ್ಥರಾಗಿ, 2025ರ ಏಪ್ರಿಲ್ ಕೊನೆಗೆ ನಿವೃತ್ತರಾದರು. ಸುಮಾರು ನಲವತ್ತು ವರ್ಷದ ವೃತ್ತಿ. ಬಾಹ್ಯಾಕಾಶ ಅದರಲ್ಲೊಂದು ಅಧ್ಯಾಯ.

ಈ ಕುರ್ಚಿಯಲ್ಲಿ ಕೂತವರು ರಾಕೆಟ್ ಹತ್ತುವುದಿಲ್ಲ. ಏಜೆನ್ಸಿಯಲ್ಲಿ ಭೂಸೇನೆ, ನೌಕಾಪಡೆ, ವಾಯುಪಡೆ ಮೂರರ ಸಿಬ್ಬಂದಿಯೂ ಇದ್ದಾರೆ. ಉಪಗ್ರಹ ತೆಗೆದ ಚಿತ್ರ ಓದುವುದು, ಸೇನೆಯ ಸಂಪರ್ಕ ಉಪಗ್ರಹಗಳನ್ನು ಕಾಯುವುದು, ಬೇರೆಯವರ ಉಪಗ್ರಹ ಎಲ್ಲಿದೆ, ಏನು ಮಾಡುತ್ತಿದೆ ಎಂದು ಕಣ್ಣಿಡುವುದು ಇಂಥವರ ಕೆಲಸ. ನೌಕಾಪಡೆಗಾಗಿ 2013ರಲ್ಲಿ ಜಿಸ್ಯಾಟ್-7, ವಾಯುಪಡೆಗಾಗಿ 2018ರಲ್ಲಿ ಜಿಸ್ಯಾಟ್-7ಎ ಸಂಪರ್ಕ ಉಪಗ್ರಹಗಳು ಹಾರಿದವು. ದಿನದ ಬಹುಪಾಲು ಪರದೆಯ ಮುಂದೆ, ಅಂಕಿಗಳ ನಡುವೆ ಕಳೆಯುತ್ತದೆ.

ಆ ಅಂಕಿಗಳಿಗೆ ಎಷ್ಟು ಬೆಲೆ ಎಂಬುದಕ್ಕೆ ಪೋಖ್ರಾನ್ ಸಾಕ್ಷಿ. ಉಪಗ್ರಹಕ್ಕೆ ಅಡಗಲು ಮರವಿಲ್ಲ, ಗುಡ್ಡವಿಲ್ಲ. ಅದರ ಕಕ್ಷೆ ಒಮ್ಮೆ ಗೊತ್ತಾದರೆ ನಾಳೆ ಎಷ್ಟು ಗಂಟೆಗೆ ಯಾವ ಊರಿನ ಮೇಲೆ ಹಾದುಹೋಗುತ್ತದೆ ಎಂದು ಇಂದೇ ಬರೆದಿಡಬಹುದು. 1998ರ ಮೇ ತಿಂಗಳ ಅಣ್ವಸ್ತ್ರ ಪರೀಕ್ಷೆಗೆ ಮುನ್ನ ನಮ್ಮ ಸೇನೆಯ ಎಂಜಿನಿಯರುಗಳು ಅಮೆರಿಕದ ಗೂಢಚಾರ ಉಪಗ್ರಹಗಳ ವೇಳಾಪಟ್ಟಿ ನೋಡಿಕೊಂಡೇ ಕೆಲಸ ಮಾಡಿದರು. ಅಗೆತವೆಲ್ಲ ಹೆಚ್ಚಾಗಿ ರಾತ್ರಿ ಹೊತ್ತು. ಬೆಳಗಾಗುವಷ್ಟರಲ್ಲಿ ಯಂತ್ರಗಳು ಮೊದಲಿದ್ದ ಜಾಗಕ್ಕೆ ಹಿಂದಿರುಗುತ್ತಿದ್ದವು. ಕೋಟ್ಯಂತರ ಡಾಲರಿನ ಕ್ಯಾಮೆರಾ ತಲೆಯ ಮೇಲೆ ಹಾದುಹೋದರೂ ಪರೀಕ್ಷೆ ನಡೆಯುತ್ತದೆಂದು ಅಮೆರಿಕಕ್ಕೆ ಮುಂಚಿತವಾಗಿ ಗೊತ್ತಾಗಲಿಲ್ಲ.

ಉಪಗ್ರಹದ ಓಟವನ್ನು ಕಾಣಲು ರೇಡಾರ್ ಬೇಕಿಲ್ಲ. ರಾಮನಗರ ತಾಲ್ಲೂಕಿನ ಕೂಟಗಲ್‌ನಂಥ ಕಡೆ, ಊರ ದೀಪಗಳಿಂದ ತುಸು ಆಚೆ ಬಂದು, ಸೂರ್ಯ ಮುಳುಗಿ ಒಂದು ಗಂಟೆಯೊಳಗೆ ಆಕಾಶ ನೋಡಿದರೆ ಸಾಕು. ಮಿನುಗದೆ, ಸದ್ದಿಲ್ಲದೆ ಸರಿಯುವ ಚುಕ್ಕಿಯೊಂದು ಸಿಕ್ಕೇ ಸಿಗುತ್ತದೆ. ನೆಲದಲ್ಲಿ ಕತ್ತಲಾಗಿದ್ದರೂ ಅಷ್ಟು ಎತ್ತರದಲ್ಲಿ ಇನ್ನೂ ಬಿಸಿಲಿರುವುದರಿಂದ ಅದು ಹೊಳೆಯುತ್ತದೆ. ನಡು ಆಕಾಶದಲ್ಲೇ ಥಟ್ಟನೆ ಮಾಯವಾದರೆ ಅದು ಭೂಮಿಯ ನೆರಳಿಗೆ ಹೊಕ್ಕಿತೆಂದು ಅರ್ಥ. ಬೆಂಗಳೂರಿನಿಂದ ಮೈಸೂರಿನವರೆಗಿನ ದೂರವನ್ನು ಅದು ಇಪ್ಪತ್ತು ಸೆಕೆಂಡಿನೊಳಗೆ ಮುಗಿಸುತ್ತದೆ.

ತೊಡಕಿರುವುದೂ ಈ ವೇಗದಲ್ಲೇ. ಸಮಯದಲ್ಲಿ ಒಂದು ಸೆಕೆಂಡ್ ತಪ್ಪಿದರೆ ಜಾಗದಲ್ಲಿ ಏಳೂವರೆ ಕಿ.ಮೀ. ತಪ್ಪುತ್ತದೆ. 2009ರ ಫೆಬ್ರವರಿ 10ರಂದು ಸೈಬೀರಿಯಾದ ಮೇಲೆ ಅಮೆರಿಕದ ಇರಿಡಿಯಂ-33 ಉಪಗ್ರಹಕ್ಕೂ ರಷ್ಯಾದ ಕೆಟ್ಟುಹೋಗಿದ್ದ ಕಾಸ್ಮಾಸ್-2251ಕ್ಕೂ ಡಿಕ್ಕಿಯಾಗಿ, ಗುರುತಿಸಬಹುದಾದ ಚೂರುಗಳೇ ಎರಡು ಸಾವಿರ ದಾಟಿದವು. ಆದ್ದರಿಂದ ಉಡಾವಣೆಗೆ ಮುನ್ನ ದಾರಿಯಲ್ಲಿ ಯಾವುದಾದರೂ ಅಡ್ಡ ಬರುತ್ತದೆಯೇ ಎಂದು ಲೆಕ್ಕ ಹಾಕುತ್ತಾರೆ. 2023ರ ಜುಲೈ 14ರಂದು ಚಂದ್ರಯಾನ-3ನ್ನು ನಿಗದಿಗಿಂತ 4 ಸೆಕೆಂಡ್ ತಡವಾಗಿ ಹಾರಿಸಿದ್ದು ಈ ಲೆಕ್ಕದಿಂದಲೇ. ಟಿ.ವಿ. ನೋಡುತ್ತಿದ್ದವರಿಗೆ ಗೊತ್ತೇ ಆಗದ ಆ ನಾಲ್ಕು ಸೆಕೆಂಡಿನಲ್ಲಿ ಕಕ್ಷೆಯ ವಸ್ತುವೊಂದು ಮೂವತ್ತು ಕಿ.ಮೀ. ಸರಿದಿರುತ್ತದೆ.

ಬಾಹ್ಯಾಕಾಶದಲ್ಲಿ ಏಟು ಕೊಡುವುದಕ್ಕೂ ಇದೇ ಲೆಕ್ಕ ಕಡಿವಾಣ ಹಾಕುತ್ತದೆ. 2007ರ ಜನವರಿಯಲ್ಲಿ ಚೀನಾ ಸುಮಾರು 860 ಕಿ.ಮೀ. ಎತ್ತರದ ತನ್ನದೇ ಹಳೆಯ ಹವಾಮಾನ ಉಪಗ್ರಹವನ್ನು ಒಡೆದು ಮೂರು ಸಾವಿರಕ್ಕೂ ಹೆಚ್ಚು ಚೂರು ಹರಡಿತು. ಗಾಳಿಯ ಎಳೆತ ಅಷ್ಟು ಎತ್ತರದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಬಹಳಷ್ಟು ಇನ್ನೂ ಸುತ್ತುತ್ತಿವೆ. 2019ರ ಮಾರ್ಚ್ 27ರ ಮಿಷನ್ ಶಕ್ತಿಯಲ್ಲಿ ಡಿಆರ್‌ಡಿಒ ನಮ್ಮದೇ ಮೈಕ್ರೋಸ್ಯಾಟ್-ಆರ್ ಉಪಗ್ರಹವನ್ನು ಸುಮಾರು 280 ಕಿ.ಮೀ. ಎತ್ತರದಲ್ಲಿ ಹೊಡೆಯಿತು. ಬಹುಪಾಲು ಚೂರುಗಳು ಗಾಳಿಯ ಎಳೆತಕ್ಕೆ ಸಿಕ್ಕಿ ಬೇಗ ಕೆಳಗಿಳಿದು ಉರಿದುಹೋದವು. ಆದರೆ ಏಟಿನ ರಭಸಕ್ಕೆ ಮೇಲಕ್ಕೆ ಚಿಮ್ಮಿದ ಕೆಲವು ವರ್ಷಗಟ್ಟಲೆ ಉಳಿದವು. ಶತ್ರುವಿನ ಉಪಗ್ರಹ ಒಡೆದರೂ ಚೂರುಗಳಿಗೆ ಶತ್ರು, ಮಿತ್ರ ಎಂಬ ಭೇದವಿಲ್ಲ. ಹೊಡೆಯುವ ಶಕ್ತಿ ಕೈಯಲ್ಲಿದ್ದೂ ಹೊಡೆಯದೆ ಕಾಯುವ ವಿವೇಕ ಬಾಹ್ಯಾಕಾಶ ಏಜೆನ್ಸಿಯ ಮುಖ್ಯಸ್ಥರ ಹುದ್ದೆ ಬೇಡುವ ಮೊದಲ ಗುಣ.

ಇಷ್ಟೆಲ್ಲದರ ಒಂದು ಮುಖ್ಯ ಕೊಂಡಿ ಕೂಟಗಲ್‌ನಿಂದ ಬಹಳ ದೂರವೇನಿಲ್ಲ. ರಾಮನಗರ ಸೀಮೆಯ ಅಂಚಿನ ಬ್ಯಾಲಾಳಿನಲ್ಲಿ 32 ಮೀಟರ್ ಅಗಲದ ದೊಡ್ಡ ಆಂಟೆನಾ ಚಂದ್ರಯಾನದ ದನಿ ಕೇಳಿಸಿಕೊಂಡಿದ್ದು ಹೆಚ್ಚಿನವರಿಗೆ ಗೊತ್ತು. ಅದೇ ಆವರಣದಲ್ಲಿ 2013ರಿಂದ ಇಸ್ರೋದ ನ್ಯಾವಿಗೇಶನ್ ಕೇಂದ್ರವೂ ಇದೆ. ನಮ್ಮ ದೇಶದ ಸ್ವಂತ ಜಿಪಿಎಸ್ ಎನ್ನಬಹುದಾದ ನಾವಿಕ್ ವ್ಯವಸ್ಥೆಯ ಸಮಯ ಕಾಯುವ ಜಾಗ ಅದು. ನಾವಿಕ್‌ನ ಕೆಲವು ಉಪಗ್ರಹಗಳು ಭೂಮಿಯ ಜೊತೆಗೇ ತಿರುಗುವುದರಿಂದ ನಮ್ಮ ಪಾಲಿಗೆ ನಿಂತಲ್ಲೇ ನಿಂತಂತೆ ಇರುತ್ತವೆ. ಅವುಗಳಲ್ಲೊಂದಕ್ಕೆ ಮೀಸಲಾದ 83 ಡಿಗ್ರಿ ಪೂರ್ವ ರೇಖಾಂಶದ ಜಾಗ ಕೂಟಗಲ್‌ನವರಿಗೆ ಹೆಚ್ಚುಕಡಿಮೆ ನೆತ್ತಿಯ ಮೇಲೆ, ದಕ್ಷಿಣಕ್ಕೆ ವಾಲಿ, ತುಸು ಪೂರ್ವಕ್ಕೆ ಬರುತ್ತದೆ. ಅಲ್ಲಿಂದ ಹೊರಟ ಸಂಕೇತ ನೆಲ ಮುಟ್ಟಲು ಸೆಕೆಂಡಿನ ಎಂಟನೇ ಒಂದು ಭಾಗ ಸಾಕು. ಹೊರಟ ಸಮಯ, ತಲುಪಿದ ಸಮಯ ಎರಡನ್ನೂ ಹೋಲಿಸಿ ರಿಸೀವರ್ ದೂರ ಲೆಕ್ಕ ಹಾಕುತ್ತದೆ. ಗಡಿಯಾರ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ ತಪ್ಪಿದರೆ ದೂರ 300 ಮೀಟರ್ ತಪ್ಪುತ್ತದೆ. ಹೊಲದ ಸರ್ವೆಗೆ ಇದು ತಂಟೆಯಾದರೆ ಕ್ಷಿಪಣಿಗೆ ಅನಾಹುತ. ನಾವಿಕ್‌ನಲ್ಲಿ ಎಲ್ಲರಿಗೂ ಸಿಗುವ ಸೇವೆಯ ಜೊತೆಗೆ ಸೇನೆಗಾಗಿ ಗೂಢಲಿಪಿಯ ಸೇವೆಯೂ ಇದೆ. ಹೊರದೇಶದಿಂದ ತರಿಸಿದ್ದ ಪರಮಾಣು ಗಡಿಯಾರಗಳು ಮೊದಲ ಉಪಗ್ರಹದಲ್ಲೇ ಕೈಕೊಟ್ಟ ಮೇಲೆ, 2023ರ ಮೇ ತಿಂಗಳಲ್ಲಿ ಹಾರಿದ ಎನ್‌ವಿಎಸ್-01ರಲ್ಲಿ ದೇಶೀಯ ರುಬಿಡಿಯಂ ಗಡಿಯಾರ ಕೂರಿಸಲಾಯಿತು.

ಕಕ್ಷೆ, ಸಮಯಗಳ ಲೆಕ್ಕದ ಈ ವಿದ್ಯೆ ಒಂದು ಪೋಸ್ಟಿಂಗ್‌ನಲ್ಲಿ ಕೈವಶವಾಗುವಂಥದ್ದೇ? 2019ರ ಡಿಸೆಂಬರಿನಲ್ಲಿ ಅಮೆರಿಕ ತನ್ನ ಸ್ಪೇಸ್ ಫೋರ್ಸ್ ಕಟ್ಟಿದಾಗ ಅದರ ಮೊದಲ ಮುಖ್ಯಸ್ಥರಾದ ಜನರಲ್ ಜಾನ್ ರೇಮಂಡ್ ಪೈಲಟ್ ಆಗಿರಲಿಲ್ಲ. ಕ್ಷಿಪಣಿ ಮತ್ತು ಬಾಹ್ಯಾಕಾಶ ಕಾರ್ಯಾಚರಣೆಯಲ್ಲೇ ಬೆಳೆದು ಬಂದವರು. ನಮ್ಮಲ್ಲಿ ಅಧಿಕಾರಿ ಬೇರೆ ಕಡೆಯಿಂದ ಬಂದು, ಒಂದೆರಡು ವರ್ಷ ದುಡಿದು, ಮತ್ತೆ ತನ್ನ ಮೂಲ ಶಾಖೆಗೆ ಹೊರಡುತ್ತಾರೆ. ಹೊಸ ಸಂಸ್ಥೆಯೊಂದಕ್ಕೆ ಆರಂಭದಲ್ಲಿ ಇದು ಅನಿವಾರ್ಯವೂ ಹೌದು, ಲಾಭವೂ ಹೌದು: ಯುದ್ಧಭೂಮಿಗೆ ಉಪಗ್ರಹದಿಂದ ಏನು ಬೇಕೆಂದು ಯುದ್ಧವಿಮಾನ ಹಾರಿಸಿದವರಿಗೆ ಚೆನ್ನಾಗಿ ಗೊತ್ತು. ಆದರೆ ಕಣ್ಗಾವಲಿಗೆಂದೇ 52 ಉಪಗ್ರಹಗಳ ಯೋಜನೆಗೆ 2024ರಲ್ಲಿ ಒಪ್ಪಿಗೆ ಸಿಕ್ಕಿದೆ. ಅವನ್ನೆಲ್ಲ ನೋಡಿಕೊಳ್ಳಲು, ಇಪ್ಪತ್ತೆರಡನೇ ವಯಸ್ಸಿಗೆ ಕಕ್ಷೆಯ ಗಣಿತ ಕಲಿತು ಐವತ್ತೈದರವರೆಗೂ ಅದನ್ನೇ ಮಾಡುವ ಅಧಿಕಾರಿಗಳು ಬೇಕು. ಬ್ಯಾಲಾಳಿನ ಆಂಟೆನಾ ನೋಡಿಕೊಂಡು ಬೆಳೆಯುತ್ತಿರುವ ಮಕ್ಕಳಲ್ಲಿ ಒಬ್ಬರು ಅಂಥ ನೌಕರಿಗೆ ಅರ್ಜಿ ಹಾಕುವ ಹೊತ್ತಿಗೆ ಸೇನೆಯಲ್ಲಿ ಅದಕ್ಕೊಂದು ಪ್ರತ್ಯೇಕ ಶಾಖೆ ಇರಬೇಕು.