ಬಾಗಿಲು ತಟ್ಟುತ್ತಿದ್ದ ಗಾರ್ಡ್

ಗನ್ ಹಿಡಿದ ಕೈ ಮಾತ್ರ ಕಾಣುವ ಆಟಗಳನ್ನು ನಮ್ಮಲ್ಲಿ ಹೆಚ್ಚಿನವರು ಮೊಬೈಲಿನಲ್ಲಿ ಆಡಿರುತ್ತೀರಿ. ಆ ಜಾತಿಯ ಹಳೆಯ ಆಟಗಳಲ್ಲಿ ‘ಹಾಫ್-ಲೈಫ್’ ದೊಡ್ಡ ಹೆಸರು. ಅಮೆರಿಕದ ವಾಲ್ವ್ ಕಂಪನಿ 1998ರಲ್ಲಿ ತಂದ ತನ್ನ ಮೊದಲ ಆಟ. ಸೈಬರ್ ಕೆಫೆಗಳಲ್ಲಿ ನಮ್ಮ ಅಣ್ಣಂದಿರು ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಆಡುತ್ತಿದ್ದ ‘ಕೌಂಟರ್-ಸ್ಟ್ರೈಕ್’ ಹುಟ್ಟಿದ್ದೂ ಇದನ್ನೇ ತಿದ್ದಿ ಬದಲಾಯಿಸಿದ್ದರಿಂದ.

ಮದ್ದೂರಿನ ನಮ್ಮ ಮನೆಯಲ್ಲಿರುವುದು ಭಾಯಿಜಾನ್ ಟ್ಯಾಲಿ ಕಲಿಯಲು ತಂದ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್. ಹೊಸ ಆಟ ಹಾಕಿದರೆ ಫ್ಯಾನ್ ಕಿರುಚುತ್ತದೆ. ಹಾಫ್-ಲೈಫ್ ಮಾತ್ರ ಸಲೀಸಾಗಿ ಓಡುತ್ತದೆ. 25 ವರ್ಷ ತುಂಬಿದ್ದಕ್ಕೆ 2023ರ ನವೆಂಬರ್‌ನಲ್ಲಿ ಕೆಲವು ದಿನ ಅದನ್ನು ಪುಕ್ಕಟೆ ಕೊಟ್ಟಿದ್ದರು. ಅದರ ಮುಂದಿನ ಎರಡು ಕಂತುಗಳನ್ನು ನಾನು ಈದಿಯ ದುಡ್ಡಿನಲ್ಲಿ ಕೊಂಡೆ. ಹೇಳಬೇಕಾಗಿರುವುದು ಅವುಗಳ ವಿಷಯ.

ಮೂಲ ಕಥೆ ಹೀಗೆ: ಬ್ಲ್ಯಾಕ್ ಮೇಸಾ ಎಂಬ ಸಂಶೋಧನಾ ಕೇಂದ್ರದಲ್ಲಿ ಪ್ರಯೋಗವೊಂದು ಕೆಟ್ಟು ಬೇರೆ ಲೋಕದ ಪ್ರಾಣಿಗಳು ನುಗ್ಗುತ್ತವೆ. ವಿಷಯ ಹೊರಗೆ ಹೋಗದಂತೆ ಎಲ್ಲರನ್ನೂ ಮುಗಿಸಲು ಸೈನಿಕರು ಬರುತ್ತಾರೆ. ನಾವು ಗಾರ್ಡನ್ ಫ್ರೀಮನ್ ಎಂಬ ವಿಜ್ಞಾನಿ.

ಗೇರ್‌ಬಾಕ್ಸ್ ಎಂಬ ಬೇರೆ ಕಂಪನಿ ಮಾಡಿದ ಈ ಕಂತುಗಳಲ್ಲಿ ಕಥೆ ಮುಂದಕ್ಕೆ ಹೋಗುವುದೇ ಇಲ್ಲ. ಅದೇ ಕಟ್ಟಡ, ಅದೇ ಅವಘಡ, ನೋಡುವ ಕಣ್ಣು ಮಾತ್ರ ಬೇರೆ. ನಮ್ಮ ಕಾಮರ್ಸ್ ಲೆಕ್ಕದಲ್ಲೂ ಇದು ಜಾಣತನವೇ. ಗೋಡೆ, ಪ್ರಾಣಿ, ಬಂದೂಕುಗಳಿಗೆ ಆಗಲೇ ಖರ್ಚಾಗಿರುತ್ತದೆ.

1999ರ ‘ಅಪೋಸಿಂಗ್ ಫೋರ್ಸ್’ನಲ್ಲಿ ನಾವು ಸೈನಿಕ. ಅವನ ವಿಮಾನ ಆದೇಶ ಕೇಳುವ ಮೊದಲೇ ಬಿದ್ದುಹೋಗುತ್ತದೆ. ಹಿಂದಿನ ಆಟದಲ್ಲಿ ನಾನು ಲೆಕ್ಕವಿಲ್ಲದಷ್ಟು ಸಲ ಹೊಡೆದ ಆ ಮುಖವಾಡದವರೇ ಇಲ್ಲಿ ನನ್ನ ಗಾಯಕ್ಕೆ ಮದ್ದು ಹಾಕುತ್ತಾರೆ, ಮುಚ್ಚಿದ ಬಾಗಿಲು ಕೊಯ್ದು ದಾರಿ ಬಿಡಿಸುತ್ತಾರೆ. ಮೊದಲ ಸಲ ಕೈ ಹಿಂದೇಟು ಹಾಕಿತು.

2001ರ ‘ಬ್ಲೂ ಶಿಫ್ಟ್’ ಚಿಕ್ಕದು. ನಾನು ಒಂದೇ ಭಾನುವಾರ ಮುಗಿಸಿದೆ. ಚಿಕ್ಕದೆಂದು ಆಗಲೂ ದೂರಿದ್ದರಂತೆ. ನನಗೆ ಇಷ್ಟವಾದದ್ದು ಇದೇ. ಮೂಲ ಆಟದ ಶುರುವಿನಲ್ಲಿ ಫ್ರೀಮನ್ ಟ್ರಾಮ್‌ನಲ್ಲಿ ಕೆಲಸಕ್ಕೆ ಹೋಗುವಾಗ ಪಕ್ಕದಲ್ಲಿ ಒಬ್ಬ ಗಾರ್ಡ್ ಬೀಗ ಬಿದ್ದ ಬಾಗಿಲು ತಟ್ಟುತ್ತಿರುತ್ತಾನೆ. ಮಂಡ್ಯಕ್ಕೆ ಬರುವ ರೈಲಿನಿಂದ ಹನಕೆರೆ ಪ್ಲಾಟ್‌ಫಾರ್ಮಿನಲ್ಲಿ ನಿಂತವರನ್ನು ನೋಡುತ್ತೇವಲ್ಲ, ಅಷ್ಟೇ ಹೊತ್ತು. ಬ್ಲೂ ಶಿಫ್ಟ್‌ನಲ್ಲಿ ನಾವು ಆ ಗಾರ್ಡ್. ಹೆಸರು ಬಾರ್ನಿ.

ನಮ್ಮ ಅಬ್ಬಾ ಮಳವಳ್ಳಿ ಕಡೆಯ ಒಂದು ಗೋದಾಮಿನಲ್ಲಿ ರಾತ್ರಿ ಸೆಕ್ಯುರಿಟಿ. ಆ ಸಂಜೆ ಯೂನಿಫಾರ್ಮ್ ಹಾಕಿಕೊಂಡು ನನ್ನ ಹಿಂದೆ ಬಂದು ನಿಂತರು. ಬಾರ್ನಿ ಲಾಕರ್ ತೆಗೆದು ಹೆಲ್ಮೆಟ್ ಹಾಕಿಕೊಂಡ, ಪಿಸ್ತೂಲು ಪಡೆದ. ಕೆಟ್ಟ ಲಿಫ್ಟ್ ನೋಡಿ ಬಾ ಎಂದು ಅವನನ್ನು ಕಳಿಸಿದರು.

“ಅಲ್ಲೂ ಲಿಫ್ಟ್ ಕೆಟ್ಟರೆ ಗಾರ್ಡೇ ಹೋಗಬೇಕಾ?” ಅಬ್ಬಾ ನಕ್ಕು ಕುರ್ಚಿ ಎಳೆದುಕೊಂಡರು.

ಮೂಲ ಆಟದಲ್ಲಿ ಗಾರ್ಡ್‌ಗಳಿಗೆಲ್ಲ ಒಂದೇ ಮುಖ. ನನ್ನ ಗುಂಡು ಉಳಿಯಲಿ ಅಂತ ಅವರನ್ನೇ ಮುಂದೆ ಬಿಡುತ್ತಿದ್ದೆ. ಸತ್ತರೆ ಇನ್ನೊಬ್ಬ ಸಿಗುತ್ತಿದ್ದ. ಇದನ್ನು ಅಬ್ಬಾಗೆ ಹೇಳಲಿಲ್ಲ.

ಬಸ್ಸಿಗೆ ಹೊತ್ತಾಗಿ ಎದ್ದರು. ಚಪ್ಪಲಿ ಬಿಟ್ಟು ಬೂಟು ಹಾಕಿಕೊಳ್ಳುತ್ತಾ ಬಾಗಿಲಿನಿಂದಲೇ ಕೇಳಿದರು, “ಕೊನೆಗೆ ಅವನು ಉಳೀತಾನಾ?”

ಆಟ ಇನ್ನೂ ಮುಗಿದಿರಲಿಲ್ಲ. “ಉಳೀತಾನೆ ಅಬ್ಬಾ” ಅಂದೆ. ರಾತ್ರಿ ಹನ್ನೊಂದಕ್ಕೆ ಬಾರ್ನಿ ಮೂವರು ವಿಜ್ಞಾನಿಗಳೊಂದಿಗೆ ಕಾರಿನಲ್ಲಿ ಹೊರಬಿದ್ದ. ಅಬ್ಬಾಗೆ ಫೋನ್ ಮಾಡಿದೆ.